ನೇಮಕಾತಿ ಪತ್ರ ಹಳೆಯದಾಗಿದೆ, ಕೆಲಸ ಬದಲಾಗಿದೆ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ನಾನು ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿದ್ದೇನೆ. ನೌಕರರ ಫೈಲುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸೇರುವಾಗ ನೇಮಕಾತಿ ಪತ್ರ ಕೊಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಕೊಟ್ಟ ಮೇಲೆ ಆ ಪತ್ರದ ಗತಿ ಏನಾಯಿತು ಎಂದು ಕೇಳುವವರು ಕಡಿಮೆ. ಅದನ್ನು ತಮ್ಮ ಗಮನಕ್ಕೆ ತರಲು ಬರೆಯುತ್ತಿದ್ದೇನೆ.

ಹಿಂದೆ ನಾನಿದ್ದ ಕಂಪನಿಯ ಒಂದು ಫೈಲಿನ ವಿಷಯ ಹೇಳುತ್ತೇನೆ. ಪತ್ರದಲ್ಲಿದ್ದ ಹುದ್ದೆ ‘ಸ್ಟೋರ್ ಸಹಾಯಕಿ’. ಆಕೆ ನೋಡಿಕೊಳ್ಳುತ್ತಿದ್ದದ್ದು ಇಡೀ ಸ್ಟೋರನ್ನು. ಪತ್ರದ ಸಂಬಳಕ್ಕೂ ಪೇ ಸ್ಲಿಪ್ಪಿಗೂ ತಾಳೆ ಇರಲಿಲ್ಲ. ಪಾಳಿ ಬದಲಾಗಿತ್ತು, ಕೆಲಸದ ಜಾಗವೂ ಬದಲಾಗಿತ್ತು. ಎಲ್ಲವೂ ಬಾಯಿಮಾತಿನಲ್ಲಿ ಮತ್ತು ವಾಟ್ಸ್‌ಆ್ಯಪ್ ಮೆಸೇಜಿನಲ್ಲಿ ನಡೆದದ್ದು. ಪತ್ರದ ಪ್ರಕಾರ ನೋಟಿಸ್ ಅವಧಿ ಒಂದು ತಿಂಗಳು. ಆಕೆ ಕೆಲಸ ಬಿಡಲು ಹೊರಟಾಗ, ‘ಈಗಿನ ಹುದ್ದೆಗೆ ಮೂರು ತಿಂಗಳು ಆಗುತ್ತೆ’ ಎಂದರು. ‘ಎಲ್ಲಿ ಬರೆದಿದೆ, ತೋರಿಸಿ’ ಎಂದು ಕೇಳಿದರು ಆಕೆ. ಎಲ್ಲೂ ಬರೆದಿರಲಿಲ್ಲ. ಆದರೂ ಬಿಡುಗಡೆ ಪತ್ರ ಕೊಡದೆ ಸತಾಯಿಸಿದರು. ಹೊಸ ಕೆಲಸದವರು ಅಷ್ಟು ದಿನ ಕಾಯಲಿಲ್ಲ.

ಆಕೆಯನ್ನು ಯಾರೂ ಬೇಕಂತಲೇ ವಂಚಿಸಿದ್ದಲ್ಲ. ಬಡ್ತಿ ಕೊಟ್ಟ ದಿನ ಒಂದು ಹಾಳೆ ಟೈಪ್ ಮಾಡಿ ಸಹಿ ಹಾಕಿಸಿದ್ದರೆ ಸಾಕಿತ್ತು. ‘ಆಮೇಲೆ ಮಾಡೋಣ’ ಅಂತ ಬಿಟ್ಟರು, ಅಷ್ಟೇ. ಜಾಸ್ತಿ ಕಂಪನಿಗಳಲ್ಲಿ ಆಗುವುದೂ ಇದೇ ಅಲ್ವಾ?

ಇದರಿಂದ ಮಾಲೀಕರಿಗೂ ಪೆಟ್ಟು. ಗ್ರಾಹಕರ ಮಾಹಿತಿ ನೋಡುವ ಹುದ್ದೆಗೆ ಬಂದವರ ಪತ್ರದಲ್ಲಿ ಗೋಪ್ಯತೆಯ ಷರತ್ತೇ ಇಲ್ಲದಿದ್ದರೆ, ಮಾಹಿತಿ ಹೊರಗೆ ಹೋದ ದಿನ ಹಿಡಿಯಲು ಏನಿರುತ್ತದೆ? ಕೆಲಸದಲ್ಲಿ ಅಪಘಾತ ಆದಾಗಲಂತೂ ಕಷ್ಟ. ಆ ಯಂತ್ರದ ಮುಂದೆ ನಿಲ್ಲುವುದು ಅವರ ಕೆಲಸವೇ ಆಗಿತ್ತೇ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಹಳೆಯ ಪತ್ರದಲ್ಲಿ ಉತ್ತರ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಅಲೆಯುವವರು ಅವರ ಮನೆಯವರು.

ಬೇರೆ ಕಡೆ ಇದಕ್ಕೆ ಗಡುವು ಇದೆ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನದ ಪ್ರಕಾರ, ಕೆಲಸದ ಮುಖ್ಯ ಷರತ್ತು ಬದಲಾದರೆ ಅದು ಜಾರಿಗೆ ಬರುವ ದಿನದೊಳಗೆ ನೌಕರರ ಕೈಗೆ ಬರಹದಲ್ಲಿ ಸೇರಬೇಕು. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ತರಲು 2022ರ ಆಗಸ್ಟ್ 1 ಕೊನೆಯ ದಿನವಾಗಿತ್ತು. ಬ್ರಿಟನ್ನಿನ 1996ರ ಕಾಯ್ದೆ ಬದಲಾವಣೆಯಾದ ಮೇಲೆ ಹೆಚ್ಚೆಂದರೆ ಒಂದು ತಿಂಗಳು ಕೊಡುತ್ತದೆ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಒಂದು ತಿಂಗಳು ಅಂತ ಬಿಟ್ಟರೆ ಕೆಲಸ ಮರೆತೇ ಹೋಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಪತ್ರ ಹೊಸದು ಮಾಡುತ್ತೇವೆ ಎಂಬ ನೆಪದಲ್ಲಿ ಷರತ್ತನ್ನೇ ಬದಲಿಸುವವರಿದ್ದಾರೆ. ಸಂಜೆ ಹೊರಡುವ ಹೊತ್ತಿಗೆ ಹತ್ತು ಪುಟ ಮುಂದಿಟ್ಟು, ‘ಸುಮ್ನೆ ಫಾರ್ಮಾಲಿಟಿ, ಸಹಿ ಮಾಡಿ’ ಎನ್ನುತ್ತಾರೆ. ಒಳಗೆ ರಜೆ ಕಡಿಮೆಯಾಗಿರುತ್ತದೆ, ಅಥವಾ ಎಲ್ಲಿಗೆ ಬೇಕಾದರೂ ವರ್ಗ ಮಾಡಬಹುದು ಎಂಬ ಸಾಲು ಸೇರಿರುತ್ತದೆ. ಆಗಿರುವುದನ್ನು ಬರೆದಿಡುವುದು ಬೇರೆ, ಹೊಸದನ್ನು ಹೇರುವುದು ಬೇರೆ. ಹೊಸ ಷರತ್ತಿಗೆ ನೌಕರರ ಒಪ್ಪಿಗೆ ಬೇಕು. ಓದಲು ಕೆಲವು ದಿನ ಸಮಯ ಬೇಕು, ಅವರಿಗೆ ಗೊತ್ತಿರುವ ಭಾಷೆಯಲ್ಲಿ ಪ್ರತಿ ಬೇಕು. ಏನು ಬದಲಾಯಿತು ಎಂಬುದು ಮೊದಲ ಪುಟದಲ್ಲೇ ಕಾಣಬೇಕು.

ಸಣ್ಣ ಉದ್ಯಮಗಳಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಅವರಿಗಾಗಿ ತಮ್ಮ ಇಲಾಖೆಯೇ ಒಂದು ಪುಟದ ನಮೂನೆ ಕೊಡಲಿ. ಹಳೆಯ ಷರತ್ತು, ಹೊಸ ಷರತ್ತು, ಯಾವ ದಿನದಿಂದ, ಇಬ್ಬರ ಸಹಿ. ಇಷ್ಟಿದ್ದರೆ ಸಾಕು. ಏನೂ ಬದಲಾಗದಿದ್ದರೂ ವರ್ಷಕ್ಕೊಮ್ಮೆ ಪ್ರತಿ ಫೈಲನ್ನೂ ತೆರೆದು ನೋಡುವ ಪದ್ಧತಿ ಬರಲಿ. ಸಂಬಳ ಹೆಚ್ಚಿಸುವ ಸಮಯವೇ ಇದಕ್ಕೆ ಅನುಕೂಲ, ಹೇಗೂ ಆಗ ಫೈಲು ಮೇಜಿನ ಮೇಲೆ ಇರುತ್ತದೆ.

ಕಾನೂನು ತಿದ್ದಲು ಸಮಯ ಹಿಡಿಯುತ್ತದೆ ಎಂದು ಗೊತ್ತು. ಅದಕ್ಕೂ ಮೊದಲು ಒಂದು ಸುತ್ತೋಲೆ ಹೊರಡಿಸಬಹುದು. ತಪಾಸಣೆಗೆ ಹೋಗುವ ಅಧಿಕಾರಿಗಳು ನೇಮಕಾತಿ ಪತ್ರ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಬರುವುದು ಬೇಡ. ಪತ್ರವನ್ನೂ ಆ ತಿಂಗಳ ಪೇ ಸ್ಲಿಪ್ಪನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ತಾಳೆಯಾಗದಿದ್ದರೆ ಸರಿಪಡಿಸಲು ದಿನಾಂಕ ಬರೆದುಕೊಟ್ಟು ಬರಲಿ.

ಇಂತಿ,
ಎಚ್‌ಆರ್ ವಿಭಾಗದ ಒಬ್ಬ ಉದ್ಯೋಗಿ