ಎಷ್ಟು ಜನ?

2021ರ ನವೆಂಬರ್ 14ರ ಭಾನುವಾರ, ಕೋವಿಡ್ ನಿಯಮಗಳಿದ್ದ ಕಾಲದಲ್ಲಿ, ಸಿಂಗಪುರದ ಲಿಟ್ಲ್ ಇಂಡಿಯಾದ ಒಂದು ಸಸ್ಯಾಹಾರಿ ಹೋಟೆಲಿನ ಬಾಗಿಲಲ್ಲಿ ನಿಂತಿದ್ದೆವು. ನಾನು, ನನ್ನ ಹೆಂಡತಿ, ಅಮ್ಮ, ಇಬ್ಬರು ಮಕ್ಕಳು. ಸಪ್ಲೈಯರ್ ಹೊರಗೆ ಬಂದು "ಎಷ್ಟು ಜನ?" ಎಂದರು. "ಐದು." "ಒಂದೇ ಮನೆಯವರಾ ಸಾರ್?"

ಅವರು ಕುಂದಾಪುರದ ಕಡೆಯವರು, ನಮಗೆ ಹಲವು ವರ್ಷಗಳ ಪರಿಚಯ. ನಾವು ಒಂದೇ ಮನೆಯವರೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಕೇಳಲೇಬೇಕಿತ್ತು. ನೆಲ ನೋಡಿಕೊಂಡು ಕೇಳಿದರು. ಆಮೇಲೆ ನಮ್ಮ ಫೋನುಗಳಲ್ಲಿ ಟ್ರೇಸ್‌ಟುಗೆದರ್ ಎಂಬ ಕೋವಿಡ್ ಸಂಪರ್ಕ ಪತ್ತೆಯ ಆ್ಯಪ್ ತೆರೆಸಿ ಲಸಿಕೆಯ ಗುರುತು ನೋಡಿದರು. ಅಮ್ಮನ ಬಳಿ ಫೋನಿಲ್ಲ, ಆ್ಯಪ್‌ನ ಬದಲಿಗೆ ಕೊಡುತ್ತಿದ್ದ ಟೋಕನ್ ಮಾತ್ರ. ಅದನ್ನು ತಾವೇ ಸ್ಕ್ಯಾನ್ ಮಾಡಿ, "ಬನ್ನಿ ಅಮ್ಮ, ಫ್ಯಾನಿನ ಕೆಳಗೆ ಕೂತ್ಕೊಳ್ಳಿ" ಎಂದು ಒಳಗೆ ಕರೆದುಕೊಂಡು ಹೋದರು. ಸೆಪ್ಟೆಂಬರ್ ಕೊನೆಯಿಂದ ನಾವು ಐವರೂ ಒಂದೇ ಮೇಜಿಗೆ ಕೂತದ್ದು ಅದೇ ಮೊದಲು.

ಈ "ಎಷ್ಟು ಜನ?" ಎಂಬ ಪ್ರಶ್ನೆಗೆ ಸಿಂಗಪುರದಲ್ಲಿ ಎಷ್ಟು ಸಲ ಉತ್ತರ ಬದಲಾಯಿತೆಂದು ಕೂತು ಲೆಕ್ಕ ಹಾಕಿದೆ. 2020ರ ಜೂನ್ 19ರಂದು ಹೋಟೆಲುಗಳಲ್ಲಿ ಕೂತು ತಿನ್ನಲು ಮತ್ತೆ ಬಿಟ್ಟಾಗ ಮೇಜಿಗೆ 5. ಡಿಸೆಂಬರ್ 28ಕ್ಕೆ 8. 2021ರ ಮೇ 8ಕ್ಕೆ ಮತ್ತೆ 5. ಎಂಟು ದಿನ ಕಳೆದು ಮೇ 16ಕ್ಕೆ ಸೊನ್ನೆ, ಪಾರ್ಸೆಲ್ ಮಾತ್ರ. ಜೂನ್ 21ಕ್ಕೆ 2, ಜುಲೈ 12ಕ್ಕೆ 5, ಜುಲೈ 22ಕ್ಕೆ ಪುನಃ ಸೊನ್ನೆ. ಆಗಸ್ಟ್ 10ಕ್ಕೆ ಲಸಿಕೆ ಆದವರು 5. ಸೆಪ್ಟೆಂಬರ್ 27ಕ್ಕೆ 2. ಆಮೇಲೆ ನವೆಂಬರ್ 10ರಿಂದ ಒಂದೇ ಮನೆಯವರಾದರೆ 5, ಇಲ್ಲವಾದರೆ 2.

ನಮಗೆ ಇದು ಸುದ್ದಿ. ಹೋಟೆಲಿನವರಿಗೆ ಪ್ರತಿ ಸಲವೂ ಮೇಜುಗಳ ಜಾಗ, ಕೆಲಸದವರ ಪಾಳಿ, ತರಕಾರಿಯ ಲೆಕ್ಕ ಎಲ್ಲವನ್ನೂ ಹೊಸದಾಗಿ ಜೋಡಿಸುವ ಕೆಲಸ. ಮೇ 14ರಂದು ಹೇಳಿದ್ದು 16ಕ್ಕೆ ಜಾರಿ, ಜುಲೈ 20ರಂದು ಹೇಳಿದ್ದು 22ಕ್ಕೆ. ನಾಳೆಯ ದೋಸೆಗೆ ಇವತ್ತೇ ಅಕ್ಕಿ ನೆನೆಹಾಕುವವರಿಗೆ ಎರಡು ದಿನ ಎಂದರೆ ಏನೇನೂ ಅಲ್ಲ.

ನಿಯಮಗಳೇ ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ಅಕ್ಟೋಬರ್ 27ರಂದು ಒಂದೇ ದಿನ 5,324 ಜನರಿಗೆ ಸೋಂಕು ಕಂಡಿತು. ಮನೆಯಲ್ಲಿ ವಯಸ್ಸಾದವರಿರುವ ನಮ್ಮಂಥವರಿಗೆ ಆ ಸಂಖ್ಯೆ ಓದಿ ನಿದ್ದೆ ಬಂದಿರಲಿಲ್ಲ. ನನ್ನ ಸಂಕಟ ಬೇರೆ. ನಿಯಮ ಮಾಡಿದವರು ಸಚಿವಾಲಯದವರು, ಅದನ್ನು ನಮ್ಮ ಮುಖಕ್ಕೆ ಹೇಳಬೇಕಾದವರು ಸಪ್ಲೈಯರ್. ತಪ್ಪಿದರೆ ಹೋಟೆಲನ್ನು ಹತ್ತು ದಿನ ಮುಚ್ಚಿಸಿದ ಉದಾಹರಣೆಗಳು ಎಷ್ಟೋ ಇವೆ. ಅಕ್ಟೋಬರಿನಲ್ಲಿ ನನ್ನ ಕಣ್ಣೆದುರೇ ನಮ್ಮ ಭಾಷೆಯವರೊಬ್ಬರು, ಮೂವರಲ್ಲಿ ಒಬ್ಬರು ಹೊರಗುಳಿಯಬೇಕೆಂದಾಗ, "ನಮ್ಮೂರಿನವನೇ ಆಗಿ ನಮ್ಮನ್ನೇ ನಿಲ್ಲಿಸ್ತೀಯಾ?" ಎಂದು ಕೂಗಾಡಿದರು. ಈ ಸಪ್ಲೈಯರ್ ಮರುಮಾತಾಡದೆ ಕೈಮುಗಿದರು. ಆ ಏಕವಚನ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ನಮ್ಮ ಕರಾವಳಿಯ ಹೋಟೆಲು ನಿಂತಿರುವುದೇ ಬಡಿಸುವ ಕೈಯ ಮೇಲೆ. ತಿಂಡಿಗಳ ಪಟ್ಟಿಯನ್ನು ಒಂದೇ ಉಸಿರಿಗೆ ಒಪ್ಪಿಸುವುದು, ಸಾಂಬಾರು ಮುಗಿಯುವ ಮೊದಲೇ ಬಕೆಟ್ ಹಿಡಿದು ಬರುವುದು, ಮಗುವಿಗೆ ಕೇಳದೆಯೇ ಒಂದು ಚಮಚ ಸಕ್ಕರೆ ಹಾಕಿಕೊಡುವುದು. ಇದು ಪಾರ್ಸೆಲ್ ಆಗುವುದಿಲ್ಲ. ದೋಸೆಯೂ ಆಗುವುದಿಲ್ಲ. ಕಾವಲಿಯಿಂದ ಎದ್ದಾಗ ಗರಿಗರಿ ಇದ್ದದ್ದು ಡಬ್ಬಿಯ ಮುಚ್ಚಳದೊಳಗೆ ತನ್ನ ಹಬೆಯಲ್ಲೇ ಮೆತ್ತಗಾಗಿ, ಮನೆಗೆ ಬರುವಷ್ಟರಲ್ಲಿ ಮಡಿಸಿದ ಒದ್ದೆ ಬಟ್ಟೆಯಂತಾಗಿರುತ್ತದೆ.

ಅಡುಗೆಮನೆ ಹೇಗಾದರೂ ದಾರಿ ಹುಡುಕಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಎಂಟಿಆರ್ ರವೆಯಲ್ಲಿ ಇಡ್ಲಿ ಮಾಡಿತು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ದರಕ್ಕೆ ಕಡಿವಾಣ ಬಿದ್ದಾಗ ಹೋಟೆಲು ಮುಚ್ಚಿ ಪೊಟ್ಟಣದ ಮಿಕ್ಸ್‌ಗಳಿಗೆ ಕೈಹಾಕಿತು. ಅದೇ ಎಂಟಿಆರ್ 2013ರಿಂದ ಇಲ್ಲಿನ ಸೆರಂಗೂನ್ ರಸ್ತೆಯಲ್ಲೂ ಇದೆ. ಆದರೆ ಮೇಜುಗಳು ಖಾಲಿಯಾದಾಗ ಬಡಿಸುವವರಿಗೆ ಅಂಥ ದಾರಿ ಯಾವುದು? ಇಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ. ಅನೇಕ ಕಡೆ ಬಿಲ್ಲಿನಲ್ಲಿ ಶೇಕಡ 10 ಸೇವಾ ಶುಲ್ಕ ಇರುತ್ತದೆ, ಪಾರ್ಸೆಲ್‌ಗೆ ಸಾಮಾನ್ಯವಾಗಿ ಅದೂ ಇಲ್ಲ. ಡೆಲಿವರಿ ಆ್ಯಪ್ ಮೂಲಕ ತರಿಸಿದರೆ ಶೇಕಡ 30ರವರೆಗೂ ಕಮಿಷನ್ನಿಗೇ ಹೋಗುತ್ತದೆ. ಹೋಟೆಲು ನಿಮ್ಮ ಮನೆಗೆ ಹತ್ತಿರವಿದ್ದರೆ ದಯವಿಟ್ಟು ಫೋನ್ ಮಾಡಿ ಹೇಳಿ, ನೀವೇ ಹೋಗಿ ತನ್ನಿ.

ಆ ವರ್ಷದ ದೀಪಾವಳಿಗೆ ನಮ್ಮ ಮನೆಗಳಿಗೂ ದಿನಕ್ಕೆ ಇಬ್ಬರೇ ಅತಿಥಿಗಳು ಎಂಬ ನಿಯಮವಿತ್ತು. ಯಾರನ್ನು ಕರೆಯುವುದು, ಯಾರನ್ನು ಬಿಡುವುದು ಎಂದು ಎಷ್ಟು ಕಸಿವಿಸಿಪಟ್ಟೆವು! ಹೋಟೆಲಿನ ಬಾಗಿಲಲ್ಲಿ ನಿಂತವರದು ದಿನವೂ ಅದೇ ಪಾಡಾಗಿತ್ತು.

ಊಟದ ನಡುವೆ ಒಳಗಿನಿಂದ ಸಣ್ಣಗೆ ವೀಣೆ ಕೇಳಿಸಿತು. ಒಂದೂವರೆ ವರ್ಷಗಳ ಕಾಲ ಇಲ್ಲಿನ ಹೋಟೆಲುಗಳಲ್ಲಿ ಹಾಡು ಹಾಕುವಂತಿರಲಿಲ್ಲ, ಸದ್ದಿಗೆ ಜನ ಜೋರಾಗಿ ಮಾತಾಡುತ್ತಾರೆಂದು. ಅದೂ ಆ ನವೆಂಬರ್ 10ರಿಂದ ಸಡಿಲವಾಗಿತ್ತು. ಅಮ್ಮ ಕೈ ನಿಲ್ಲಿಸಿ ಕೇಳಿದರು. ಸಾಂಬಾರು ತಂದವರನ್ನು, "ನಿಮ್ಮ ಊಟ ಆಯ್ತಾ ಮಗಾ?" ಎಂದು ವಿಚಾರಿಸಿದರು. "ಮೂರೂವರೆಗೆ ಅಮ್ಮ. ಆಗ ಸ್ವಲ್ಪ ಖಾಲಿ ಇರುತ್ತೆ." ಮಾತಿಗೆ ಮಾತು ಬೆಳೆಯಿತು. ಊರಿಗೆ ಹೋಗಿ ಎರಡು ವರ್ಷ ದಾಟಿತ್ತಂತೆ. ಈ ನಡುವೆ ಮನೆಯ ಹಂಚು ತೆಗೆಸಿ ತಾರಸಿ ಹಾಕಿಸಿದ್ದರು. ದುಡ್ಡು ಕಳಿಸಿದವರು ಇವರೇ, ಮನೆ ಮಾತ್ರ ಇನ್ನೂ ನೋಡಿರಲಿಲ್ಲ. ಮರುದಿನವೇ ಭಾರತದಿಂದ ಕ್ವಾರಂಟೈನ್ ಇಲ್ಲದೆ ಬರುವ ವ್ಯವಸ್ಥೆ 29ರಿಂದ ಆರಂಭ ಎಂದು ಪ್ರಕಟವಾಯಿತು. ವಿಮಾನಗಳು ಚೆನ್ನೈ, ದೆಹಲಿ, ಮುಂಬೈಯಿಂದ ಮಾತ್ರ, ಬೆಂಗಳೂರಿನಿಂದ ಇರಲಿಲ್ಲ. ನಾನು ಫೋನ್ ಮಾಡಿ ತಿಳಿಸಿದೆ. ಮುಂಬೈ ಆದರೂ ಸಾಕು ಎಂದರು.

ಆ ಸಲ ಇಲ್ಲಿನ ಕನ್ನಡಿಗರ ರಾಜ್ಯೋತ್ಸವದ ಊಟ ಸಭಾಂಗಣದಲ್ಲಿ ಇರಲಿಲ್ಲ. ಹೋಟೆಲಿಗೆ ನೇರವಾಗಿ ಹೇಳಿ ಡಬ್ಬಿ ಕಟ್ಟಿಸುವುದೆಂದು ತೀರ್ಮಾನಿಸಿದೆವು: ಬಿಸಿಬೇಳೆ ಬಾತ್, ಕೋಸಂಬರಿ, ಮೊಸರನ್ನ, ಹೋಳಿಗೆ. ನಮ್ಮ ಸ್ವಯಂಸೇವಕರೇ ಮನೆಮನೆಗೆ ತಲುಪಿಸುವ ಏರ್ಪಾಡು. ದೋಸೆ ಬೇಕೆನ್ನುವವರು ಹೋಟೆಲಿಗೇ ಹೋಗಿ ಕೂತು ತಿನ್ನಿ, ವಾರದ ದಿನಗಳಲ್ಲಾದರೆ ಇನ್ನೂ ಒಳ್ಳೆಯದು. ಮೂರೂವರೆಗೆ ಮಾತ್ರ ಬೇಡ, ಅದು ಅವರ ಊಟದ ಹೊತ್ತು.