ಬರೆಸುವ ಕೆಲಸಕ್ಕೂ ಕರಾರು ಬೇಕು

ಮಾನ್ಯ ಸಂಪಾದಕರೇ,

ಸಹಕಾರ ಸಂಘದ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ, ಊರ ದೇವಸ್ಥಾನದ ಸ್ಥಳಪುರಾಣ, ಹೋಂಸ್ಟೇಯ ಪರಿಚಯ ಪತ್ರ ಇಂಥವನ್ನು ಹಣ ಕೊಟ್ಟು ಬರೆಸುವವರು ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಅನೇಕರಿಗೆ ಅದು ಜೀವಮಾನದ ಮೊದಲ ಅನುಭವ. ಸ್ವತಂತ್ರ ಬರಹಗಾರ್ತಿಯಾಗಿ ನಾನು ಕಂಡಂತೆ, ಬರೆಸುವವರು ಮತ್ತು ಬರೆಯುವವರ ನಡುವಿನ ಮನಸ್ತಾಪಗಳು ಬಹುಪಾಲು ಹುಟ್ಟುವುದು ಕೆಲಸ ಶುರುವಾಗುವ ಮುನ್ನ ಏನನ್ನೂ ಬರೆದಿಟ್ಟುಕೊಳ್ಳದ್ದರಿಂದಲೇ.

ಸ್ಮರಣ ಸಂಚಿಕೆಯನ್ನೇ ನೋಡಿ. ಅಧ್ಯಕ್ಷರು ಒಪ್ಪಿದ ಲೇಖನವನ್ನು ಕಾರ್ಯದರ್ಶಿ ತಿದ್ದುತ್ತಾರೆ. ಕರಡು ತಿದ್ದಿ ಮುಗಿಯುವ ಹೊತ್ತಿಗೆ ನಿರ್ದೇಶಕರೊಬ್ಬರು ತಮ್ಮ ತಂದೆಯವರ ಹೆಸರು ಬಿಟ್ಟುಹೋಗಿದೆಯೆಂದು ದೂರವಾಣಿ ಮಾಡುತ್ತಾರೆ. ಪುಸ್ತಕವನ್ನು ಸಾಮಾನ್ಯವಾಗಿ 16 ಪುಟಗಳ ಫಾರಂ, ಅಂದರೆ ಒಟ್ಟಿಗೇ ಅಚ್ಚಾಗುವ ಪುಟಗಳ ಕಂತೆಯ ಲೆಕ್ಕದಲ್ಲಿ ಮುದ್ರಿಸುವುದರಿಂದ, ಕೊನೆಯಲ್ಲಿ ಸೇರಿಸಿದ ಎರಡು ಪುಟಗಳು ಇಡೀ ಲೆಕ್ಕವನ್ನು ಕೆಡಿಸುತ್ತವೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಯೂನಿಕೋಡ್‌ನಲ್ಲಿ ಕಳುಹಿಸಿದ ಬರಹವನ್ನು ಮುದ್ರಣಾಲಯದವರು ತಾವು ಬಳಸುವ ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುವುದುಂಟು. ಅದನ್ನು ಮತ್ತೆ ಅಕ್ಷರಕ್ಷರ ಓದಿ ಸರಿಪಡಿಸುವ ಶ್ರಮವನ್ನು ಯಾರೂ ಕೂಲಿಯಲ್ಲಿ ಸೇರಿಸುವುದಿಲ್ಲ.

ಹೋಂಸ್ಟೇ ಮಾಲೀಕರೊಬ್ಬರು ಮುಳ್ಳಯ್ಯನಗಿರಿಯನ್ನು ದಕ್ಷಿಣ ಭಾರತದಲ್ಲೇ ಅತಿ ಎತ್ತರದ ಶಿಖರವೆಂದು ಬರೆಯಬೇಕೆಂದು ಪಟ್ಟು ಹಿಡಿದಿದ್ದರು. ಸುಮಾರು 1,930 ಮೀಟರ್ ಎತ್ತರದ ಅದು ಕರ್ನಾಟಕಕ್ಕೆ ಅತಿ ಎತ್ತರದ ಶಿಖರವೇ ಹೊರತು ದಕ್ಷಿಣ ಭಾರತಕ್ಕಲ್ಲ, ಕೇರಳದ ಆನಮುಡಿ 2,695 ಮೀಟರ್ ಇದೆಯೆಂದು ವಿವರಿಸಿದಾಗ ಮೊದಲು ಅವರಿಗೆ ಬೇಸರವಾಯಿತು. ಎದುರಿಗೆ ಕೂತು ನಕ್ಷೆ ತೆಗೆದು ತೋರಿಸಿದ ಮೇಲೆ ತಾವೇ ಆ ಸಾಲನ್ನು ಹೊಡೆದುಹಾಕಿದರು. ಇಂಥವರಲ್ಲಿ ದುರುದ್ದೇಶವಿರುವುದಿಲ್ಲ, ತಾಳ್ಮೆಯಿಂದ ಹೇಳಿದರೆ ಕೇಳುತ್ತಾರೆ. ಆದ್ದರಿಂದ ಅವರನ್ನು ದೂರುವ ಬರಹಗಾರ ಮಿತ್ರರ ಮಾತನ್ನು ನಾನು ಒಪ್ಪಲಾರೆ.

ಹಕ್ಕಿನ ವಿಷಯದಲ್ಲಂತೂ ಎರಡೂ ಕಡೆ ಗೊಂದಲವಿದೆ. ಹಣ ಕೊಟ್ಟೊಡನೆ ಬರಹವೆಲ್ಲ ತಮ್ಮದಾಯಿತೆಂದು ಬರೆಸಿದವರು ನಂಬುತ್ತಾರೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿಯಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದೇ ಭಾವಿಸಲಾಗುತ್ತದೆ.

ಕನ್ನಡ ಸಾಹಿತ್ಯ ಪರಿಷತ್ತಿನ ನಮ್ಮ ಜಿಲ್ಲಾ ಘಟಕವು ಸರಳ ಕನ್ನಡದಲ್ಲಿ ಒಂದೇ ಪುಟದ ಮಾದರಿ ಕರಾರುಪತ್ರವನ್ನು ಸಿದ್ಧಪಡಿಸಿಕೊಡಬೇಕೆಂದು ಕೋರುತ್ತೇನೆ. ಅಂತಿಮ ಒಪ್ಪಿಗೆ ಕೊಡುವ ಒಬ್ಬರು ಯಾರು, ತಿದ್ದುಪಡಿ ಎಷ್ಟು ಸಲ, ಕರಡು ನೋಡುವವರು ಯಾರು, ಮುಂಗಡವೆಷ್ಟು, ಬಾಕಿ ಯಾವಾಗ, ಹಕ್ಕು ಯಾರದು ಎಂಬಷ್ಟು ಅದರಲ್ಲಿದ್ದರೆ ಸಾಕು. ಮುದ್ರಣಾಲಯಗಳು ಅದರ ಪ್ರತಿಗಳನ್ನು ಇಟ್ಟುಕೊಂಡರೆ, ಸಂಚಿಕೆ ತರಬೇಕೆಂದು ಮೊದಲು ಅಲ್ಲಿಗೇ ವಿಚಾರಿಸಲು ಬರುವವರ ಕೈಗೆ ಅದು ಸಕಾಲದಲ್ಲಿ ತಲುಪುತ್ತದೆ.

– ಸ್ವತಂತ್ರ ಬರಹಗಾರ್ತಿ, ಚಿಕ್ಕಮಗಳೂರು