ಮಿಲ್ವಾಕಿಯ ಚರಂಡಿ ಮತ್ತು ಸೇತುವೆ

ಪ್ರೀತಿಯ ಗೆಳೆಯಾ,

ಅಮೆರಿಕದ ಈ ಮಿಲ್ವಾಕಿ ಅಂದರೆ ಬಿಯರ್ ಊರು ತಾನೇ ಅಂತ ಕೇಳಿದ್ದೀಯ. ಹೌದು ಮಾರಾಯ, ಪ್ಯಾಬ್ಸ್ಟ್, ಷ್ಲಿಟ್ಜ್, ಮಿಲ್ಲರ್ ಎಲ್ಲ ಇಲ್ಲಿಯವೇ. ಜರ್ಮನಿಯಿಂದ ಬಂದವರು ಬೆಳೆಸಿದ ಕಂಪನಿಗಳು. ಆ ಕಥೆಯನ್ನು ಯಾವ ಗೈಡ್ ಬೇಕಾದರೂ ಹೇಳುತ್ತಾನೆ. ನನಗೆ ಈ ಊರಿನಲ್ಲಿ ಜಾಸ್ತಿ ಇಷ್ಟವಾದದ್ದು ಚರಂಡಿ. ನಗಬೇಡ.

ಅಮೆರಿಕದ ದೊಡ್ಡ ಊರಿಗೆ ಸಮಾಜವಾದಿ ಮೇಯರ್ ಅಂದರೆ ನಂಬುತ್ತೀಯಾ? ಇಲ್ಲಿ ಮೂವರಿದ್ದರು. 1910ರಲ್ಲಿ ಎಮಿಲ್ ಸೈಡೆಲ್ ಗೆದ್ದ. ಆಮೇಲೆ ಡೇನಿಯಲ್ ಹೋನ್ 1916ರಿಂದ 1940ರವರೆಗೆ ಕುರ್ಚಿ ಬಿಡಲಿಲ್ಲ. ಕೊನೆಯವನು ಫ್ರಾಂಕ್ ಝೈಡ್ಲರ್, 1960ರವರೆಗೂ ಇದ್ದ. ಇವರು ಕ್ರಾಂತಿಗಿಂತ ನೀರು, ಪಾರ್ಕು, ಒಳಚರಂಡಿ ಬಗ್ಗೆ ಮಾತಾಡಿದ್ದೇ ಹೆಚ್ಚು. ಬೇರೆ ಊರಿನ ಸಮಾಜವಾದಿಗಳೇ ಇವರನ್ನು ‘ಚರಂಡಿ ಸಮಾಜವಾದಿಗಳು’ ಅಂತ ಆಡಿಕೊಂಡರು. ಇವರೋ ಅದನ್ನೇ ಬಿರುದು ಮಾಡಿಕೊಂಡರು! ಊರಿನ ಕೊಳಚೆಯನ್ನು ಒಣಗಿಸಿ ‘ಮಿಲಾರ್ಗನೈಟ್’ ಅನ್ನೋ ಗೊಬ್ಬರ ಮಾಡಿ ಮಾರಲು ಶುರುಮಾಡಿದ್ದು ಹೋನ್ ಕಾಲದಲ್ಲಿ, 1926ರಲ್ಲಿ. ಇವತ್ತಿಗೂ ಅಂಗಡಿಯಲ್ಲಿ ಚೀಲಗಟ್ಟಲೆ ಸಿಗುತ್ತದೆ.

ಇದೆಲ್ಲ ಪುಕ್ಕಟೆ ಬಂದದ್ದಲ್ಲ. 1886ರ ಮೇ 5ರಂದು, ದಿನಕ್ಕೆ ಎಂಟೇ ಗಂಟೆ ದುಡಿಮೆ ಬೇಕು ಅಂತ ಬೇ ವ್ಯೂ ಉಕ್ಕಿನ ಕಾರ್ಖಾನೆಯತ್ತ ಹೊರಟ ಮೆರವಣಿಗೆಯ ಮೇಲೆ ರಾಜ್ಯದ ಸೈನಿಕರು ಗುಂಡು ಹಾರಿಸಿದರು. ಕನಿಷ್ಠ ಏಳು ಜನ ಸತ್ತರು. ಅವರಲ್ಲಿ 13 ವರ್ಷದ ಒಬ್ಬ ಹುಡುಗನೂ ಇದ್ದ.

ಮೆರವಣಿಗೆಯಲ್ಲಿದ್ದವರು ಹೆಚ್ಚಾಗಿ ಪೋಲೆಂಡಿನವರು, ಊರಿನ ದಕ್ಷಿಣ ಭಾಗದವರು. ಬಡವರು, ಆದರೆ ಮನೆ ಮಾಡುವ ಹಟ ಎಷ್ಟು ಅಂತೀಯ! ನಾವು ದುಡ್ಡು ಸೇರಿದರೆ ಮೇಲೊಂದು ಮಹಡಿ ಎಬ್ಬಿಸುತ್ತೇವೆ ಅಲ್ವಾ? ಅವರು ಇದ್ದ ಮರದ ಮನೆಯನ್ನೇ ಜಾಕ್ ಕೊಟ್ಟು ಎತ್ತಿ, ಕೆಳಗೆ ಇನ್ನೊಂದು ಮನೆ ಕಟ್ಟಿ ಬಾಡಿಗೆಗೆ ಬಿಡುತ್ತಿದ್ದರು. ಷಿಕಾಗೋದಲ್ಲಿ ಕೆಡವಿದ ಅಂಚೆ ಕಚೇರಿಯ ಕಲ್ಲು ಕಂಬಗಳನ್ನು ರೈಲಿನಲ್ಲಿ ಹೇರಿಕೊಂಡು ಬಂದು ಸೇಂಟ್ ಜೋಸಫಟ್ ಚರ್ಚ್ ಎಬ್ಬಿಸಿದರು.

ಇಷ್ಟು ಕಷ್ಟಪಟ್ಟು ಮನೆ ಮಾಡಿಕೊಂಡವರೇ ಇನ್ನೊಬ್ಬರು ಪಕ್ಕದ ಮನೆಗೆ ಬರುತ್ತೇವೆ ಅಂದಾಗ ಕಲ್ಲು ತೂರಿದರು. ನನಗೆ ಅರಗದಿರುವುದು ಇದೇ.

ಊರಿನ ಮಧ್ಯೆ ಮೆನಾಮನೀ ನದಿಯ ಕಣಿವೆ. ಉತ್ತರಕ್ಕೆ ಕಪ್ಪು ಜನ, ದಕ್ಷಿಣಕ್ಕೆ ಬಿಳಿಯರು, ನಡುವೆ 16ನೇ ಬೀದಿಯ ಸೇತುವೆ. ಆಫ್ರಿಕಾದಿಂದ ಪೋಲೆಂಡಿಗೆ ಹೋಗುವ ಇದೇ ಪ್ರಪಂಚದ ಅತಿ ಉದ್ದದ ಸೇತುವೆ ಅಂತ ಇಲ್ಲಿಯ ಜನ ಜೋಕ್ ಮಾಡುತ್ತಿದ್ದರು. ನಗರಸಭೆಯ ಮೊದಲ ಮಹಿಳಾ ಸದಸ್ಯೆ, ಮೊದಲ ಕಪ್ಪು ಸದಸ್ಯೆಯೂ ಆದ ವೆಲ್ ಫಿಲಿಪ್ಸ್, ಬಣ್ಣ ನೋಡಿ ಮನೆ ನಿರಾಕರಿಸಬಾರದು ಅನ್ನುವ ಮಸೂದೆಯನ್ನು 1962ರಲ್ಲಿ ತಂದಳು. ಪರವಾಗಿ ಬಿದ್ದದ್ದು ಒಂದೇ ಮತ, ಅವಳದು. ಮತ್ತೆ ತಂದಳು, ಮತ್ತೆ ಅದೇ ಕಥೆ.

ಅದೇ ಕಾನೂನು ಬೇಕು ಅಂತ 1967ರ ಆಗಸ್ಟ್ 28ರಂದು ಕಪ್ಪು ಯುವಕರು ಪಾದ್ರಿ ಜೇಮ್ಸ್ ಗ್ರಾಪಿ ಜೊತೆ ಆ ಸೇತುವೆ ದಾಟಿದರು. ಗ್ರಾಪಿ ಇಟಲಿಯಿಂದ ಬಂದವರ ಮಗ, ಬೆಳೆದದ್ದು ದಕ್ಷಿಣದ ಅದೇ ಬೇ ವ್ಯೂನಲ್ಲಿ. ಆಚೆ ಸಾವಿರಾರು ಜನ ಕಲ್ಲು, ಬಾಟಲಿ ಹಿಡಿದು ಕಾಯುತ್ತಿದ್ದರು. ಇವರು ಬಿಡಲಿಲ್ಲ. ಸತತ 200 ದಿನ ನಡೆದರು, ಮಿಲ್ವಾಕಿಯ ಚಳಿಗಾಲದಲ್ಲೂ. ಕಾನೂನು ಬಂದದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮೇಲೆ.

ಮನೆ ಕೊಳ್ಳುವ ಹಕ್ಕು ಸಿಕ್ಕಿತು. ಆದರೆ ಮನೆಯ ಕಂತು ಕಟ್ಟುವಷ್ಟು ಸಂಬಳ ಬೇಕಲ್ಲ? ಷ್ಲಿಟ್ಜ್ ಇಲ್ಲಿಯ ಕಾರ್ಖಾನೆಗೆ 1981ರಲ್ಲಿ ಬೀಗ ಹಾಕಿತು. ಟ್ರ್ಯಾಕ್ಟರ್ ಮಾಡುತ್ತಿದ್ದ ಆಲಿಸ್ ಚಾಮರ್ಸ್ 1987ರಲ್ಲಿ ದಿವಾಳಿ ಎದ್ದಿತು. ಉತ್ತರ ಭಾಗದ ಕಪ್ಪು ಕುಟುಂಬಗಳಿಗೆ ಆಧಾರವಾಗಿದ್ದದ್ದು ಎ. ಓ. ಸ್ಮಿತ್, ಕಾರಿನ ಚಾಸಿ ಮಾಡುವ ಕಾರ್ಖಾನೆ. 1997ರಲ್ಲಿ ಕಂಪನಿ ಆ ವ್ಯವಹಾರವನ್ನೇ ಮಾರಿತು. ಕೊಂಡವರು ಕೆಲವು ವರ್ಷಗಳಲ್ಲಿ ಅದನ್ನು ಮುಚ್ಚಿದರು. ಸ್ಮಿತ್ ಕಂಪನಿ ಮಾತ್ರ ವಾಟರ್ ಹೀಟರ್ ಮಾಡಿಕೊಂಡು ಚೆನ್ನಾಗಿಯೇ ಇದೆ. ಅವರ ಒಂದು ಕಾರ್ಖಾನೆ ನಿಮ್ಮ ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿದೆ. ನಿಮ್ಮ ಬಚ್ಚಲಿನ ಗೀಸರ್ ಮೇಲಿನ ಹೆಸರು ಒಮ್ಮೆ ನೋಡಿ ಹೇಳು.

ಇಂತಿ ನಿನ್ನ ಗೆಳೆಯ